ಸೊಲ್ಲು ಕೊಡುವ ತಮ್ಮ

ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದ ಮಗಳು ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿತೆಂದು ಊರೇ ಹೇಳಿತು, ತಾಯಿ ಮಂಚಮ್ಮ ನಂಬಲಿಲ್ಲ. ತಾನೇ ಪದ ಕಟ್ಟಿ, ಆಲ್ಬಮ್ಮಿಗೆ ಹಾಡಲು ಸ್ಟುಡಿಯೋಗೆ ಬಂದಳು. ಅವಳ ಪ್ರತಿ ಸಾಲನ್ನೂ ತಿರುಗಿ ಹಾಡಿ ಸೊಲ್ಲು ಕೊಡುವವನು ಎಂದಿನಂತೆ ತಮ್ಮ.

ಕೊನೆಗೆ ಅವಳು ಅವನಿಗೆ ಗೊತ್ತಿಲ್ಲದ ಸಾಲೊಂದನ್ನು ಎತ್ತಿದಳು: “ಕಾಲು ಜಾರಲಿಲ್ಲ ಕಂದಾ, ನೂಕಿದ ಕೈ ನಮ್ಮ ಮನೇದೇ.”

ತಮ್ಮನ ದನಿ ಬರಲಿಲ್ಲ.

“ಏನ್ ಯಜಮಾನ್ರೇ, ಗಂಟಲು ಕಟ್ತಾ?” ರೆಕಾರ್ಡಿಂಗ್ ಮಾಡುವವನು ಗಾಜಿನಾಚೆಯಿಂದ ನಕ್ಕ.

ಅವಳು ಮತ್ತೆ ಹಾಡಿದಳು. ತಮ್ಮ ನೆಲ ನೋಡುತ್ತ ನಿಂತ.

“ಅಮ್ಮಾ, ಸೊಲ್ಲಿಲ್ದೆ ಪದ ಮುಗಿಯಲ್ಲ. ಇನ್ನೊಂದ್ಸಲ ತಗೊಳ್ಳೋಣ್ವಾ?”

“ಬ್ಯಾಡ ಕಣಪ್ಪ,” ಎಂದಳು ಮಂಚಮ್ಮ. “ಇವ್ನು ಎಲ್ಲಿ ಸುಮ್ಕಾಯ್ತಾನೆ ಅಂತ ನೋಡಕ್ಕೇ ನಾ ಈ ಪದ ಕಟ್ಟಿದ್ದು.”