ನಿನ್ನೆಯ ಮಳೆ

‘ಮಳೆಯಾ? ಇಲ್ಲಿ ಚೆನ್ನಾಗಿ ಬಿಸಿಲು ಬಿದ್ದಿದೆಯಲ್ಲ ಮೇಡಂ, ಬಟ್ಟೆ ಒಣಗಹಾಕ್ತಾ ಇದ್ದೀನಿ,’ ಎಂದರು ಫೋನಿನಲ್ಲಿ ಮಳೆ ಮೇಷ್ಟ್ರು.

ಮಳೆ ಇನ್ನೂ ಸುರಿಯುತ್ತಿದೆಯೇ ಎಂದು ಕೇಳಲು ಫೋನ್ ಮಾಡಿದ್ದ ನದಿ ಕಚೇರಿಯ ಎಂಜಿನಿಯರ್ ಕುರ್ಚಿಯಲ್ಲೇ ನೆಟ್ಟಗಾದಳು. ಎಲ್ಲಿ ಎಷ್ಟು ಮಳೆ ಬಿದ್ದರೆ ಹೊಳೆ ಯಾವಾಗ, ಎಷ್ಟು ಏರುತ್ತದೆ ಎಂದು ಹೇಳುವ ಕಂಪ್ಯೂಟರ್ ಮಾದರಿ ಅವಳ ಎರಡು ವರ್ಷದ ದುಡಿಮೆ. ಹೊಳೆ ಹುಟ್ಟುವ ಗುಡ್ಡದಲ್ಲಿ ದಿನವೂ ಮಳೆ ಅಳೆದು ಬರೆಯುವ ಮೇಷ್ಟ್ರ ಅಂಕಿಗಳನ್ನು ಅದಕ್ಕೆ ಸೇರಿಸಿ ವಾರವಾಗಿತ್ತಷ್ಟೆ. ಇವತ್ತಿನ ತಾರೀಖಿನ ಎದುರು ಅವರು ಇನ್ನೂರ ಹನ್ನೆರಡು ಮಿಲಿಮೀಟರ್ ಎಂದು ಬರೆದಿದ್ದರು. ಮಾದರಿ ಅದನ್ನು ನುಂಗಿ, ನಾಳೆ ಸಂಜೆ ನಾಲ್ಕಕ್ಕೆ ಕೆಳಗಿನ ಬೀದಿಗೆ ನೀರು ನುಗ್ಗುತ್ತದೆ ಎಂದಿತ್ತು.

ಹಾಗಾದರೆ ಆ ಇನ್ನೂರ ಹನ್ನೆರಡು ಯಾವತ್ತಿನದು ಎಂದು ಕೇಳಿದಳು.

‘ನಿನ್ನೇದು. ಬೆಳಿಗ್ಗೆ ಎಂಟಕ್ಕೆ ಅಳೆದೆ, ಅಳೆದ ದಿನದ ತಾರೀಖು ಹಾಕಿದೆ. ಮೂವತ್ತು ವರ್ಷದಿಂದ ಹಾಗೇ ಬರೀತಿರೋದು.’

ಮೇಷ್ಟ್ರದು ತಪ್ಪಲ್ಲ. ಅವರಿಗೆ ತಾರೀಖೆಂದರೆ ಅಳೆದ ದಿನ, ಮಾದರಿಗೆ ಸುರಿದ ದಿನ. ಮೊದಲೇ ಕೇಳಬೇಕೆಂದು ಇವಳಿಗೆ ಹೊಳೆದಿರಲಿಲ್ಲ. ಅಂಕಿಯನ್ನು ಒಂದು ದಿನ ಹಿಂದಕ್ಕೆ ಸರಿಸಿದಳು. ನಾಳೆ ಎಂದದ್ದು ಇವತ್ತಾಯಿತು. ಗಡಿಯಾರದಲ್ಲಿ ಹನ್ನೊಂದೂವರೆ. ತಪ್ಪು ತನ್ನದೇ ಎಂದು ಮೇಲಧಿಕಾರಿಯ ಮುಂದೆ ಒಪ್ಪಿಕೊಂಡು, ಎಚ್ಚರಿಕೆ ಹೊರಡಿಸಿ, ಎದ್ದೆನೋ ಬಿದ್ದೆನೋ ಎಂದು ಕೆಳಗಿನ ಬೀದಿಗೆ ಓಡಿದಳು. ಅಲ್ಲಿ ಅವಳ ಅಕ್ಕನ ಇಸ್ತ್ರಿ ಅಂಗಡಿಯಿತ್ತು.

ಆಕಾಶದಲ್ಲಿ ಮೋಡದ ಚೂರಿಲ್ಲ. ಮೈಕಿನ ಗಾಡಿ, ಬೀದಿ ಖಾಲಿ ಮಾಡಿ ಎಂದು ಕೂಗಿಕೊಂಡು ಹೋದರೆ ಜನ ತಲೆಯೆತ್ತಿ ನೋಡಿ ನಗುತ್ತಿದ್ದರು. ಅಕ್ಕನಂತೂ ಇಸ್ತ್ರಿ ಪೆಟ್ಟಿಗೆ ಕೆಳಗಿಡಲಿಲ್ಲ; ಒಂದು ಹನಿ ಬಿದ್ದಿಲ್ಲ, ನಿನ್ನ ತಲೆಗೇ ಬಿಸಿಲು ಏರಿದೆ ಎಂದು ಛೇಡಿಸಿದಳು. ತಂಗಿ ವಾದಕ್ಕಿಳಿಯಲಿಲ್ಲ. ಬಟ್ಟೆಗಂಟಿನ ಮೇಲೆ ನಂಬರ್ ಬರೆಯುವ ಸೀಮೆಸುಣ್ಣ ತೆಗೆದುಕೊಂಡು, ಅಂಗಡಿಯ ಹೊರಗೋಡೆಯ ಮೇಲೆ ಎದೆಯೆತ್ತರಕ್ಕೆ ಉದ್ದನೆಯ ಗೆರೆ ಎಳೆದಳು.

‘ಗುಡ್ಡದಲ್ಲಿ ನಿನ್ನೆ ಬಿದ್ದ ಮಳೆ ಅಕ್ಕ. ನಾಲ್ಕು ಗಂಟೆಗೆ ಇಲ್ಲೀವರೆಗೆ ಬರುತ್ತೆ.’

ಅಕ್ಕ ಗೆರೆ ನೋಡಿದಳು, ತಂಗಿಯ ಮುಖ ನೋಡಿದಳು, ಇಸ್ತ್ರಿಯ ಸ್ವಿಚ್ ಆರಿಸಿದಳು. ಅಂಥ ಹಟಮಾರಿಯೇ ಗಂಟು ಹೊತ್ತು ಹೊರಟಳೆಂದ ಮೇಲೆ ಬೀದಿಯಲ್ಲಿ ಯಾರಿಗೂ ನಗು ಬರಲಿಲ್ಲ. ಮೂರೂವರೆಯ ಹೊತ್ತಿಗೆ ಎಲ್ಲರೂ ಎದುರಿನ ದಿಬ್ಬದ ಮೇಲಿದ್ದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೊದಲು ಸದ್ದು ಕೇಳಿಸಿತು. ಆಮೇಲೆ ತಿರುವಿನಲ್ಲಿ ಹೊಳೆಯೇ ಕಾಣಿಸಿಕೊಂಡಿತು. ಕೆಂಪು ನೀರು ಬೇರುಸಮೇತ ಮರಗಳನ್ನು ಹೊತ್ತು, ಇಳಿಬಿಸಿಲಲ್ಲಿ ಫಳಫಳ ಹೊಳೆಯುತ್ತ ಬೀದಿಗಿಳಿಯಿತು. ಮೆಟ್ಟಿಲು ಮುಳುಗಿತು, ಕಿಟಕಿಯ ತಳ ಮುಳುಗಿತು. ನೀರು ಗೋಡೆಯ ಬಿಳಿ ಗೆರೆಯನ್ನು ಮೆಲ್ಲಗೆ ಅಳಿಸಿ, ಅಲ್ಲೇ ನಿಂತಿತು. ಕಂಪ್ಯೂಟರ್ ಪರದೆಯ ಮೇಲೆ ಎರಡು ವರ್ಷ ತಾನು ಏರಿಸಿ ಇಳಿಸಿದ ನೀಲಿ ಗೆರೆ ಇದೇ ಎಂದು ತಂಗಿಗೆ ನಂಬಲಾಗಲಿಲ್ಲ. ಲೆಕ್ಕ ಸರಿಯಾಯಿತೆಂಬ ಹೆಮ್ಮೆ ಹತ್ತಿರವೂ ಸುಳಿಯಲಿಲ್ಲ. ಮೈ ಜುಮ್ಮೆಂದು, ಕಣ್ಣು ತುಂಬಿ ಬಂತು.

ಅಕ್ಕ ಬಟ್ಟೆಗಂಟು ಕೆಳಗಿಟ್ಟು ತಂಗಿಯ ಪಕ್ಕಕ್ಕೆ ಬಂದಳು.

‘ನಿನ್ನೆ ಅನ್ನೋದು ಹೋಗಿಬಿಡುತ್ತೆ ಅಂದ್ಕೊಂಡಿದ್ದೆ ಕಣೆ,’ ಎಂದಳು. ‘ಬರುತ್ತೆ ಅಂತ ಗೊತ್ತಿರಲಿಲ್ಲ.’