ಉರುಳಿದ ಕುರ್ಚಿ

ದೃಶ್ಯ ಮುಗಿದಿತ್ತು. ಪಿಸ್ತೂಲು ಹಿಡಿದ ಹೆಂಡತಿ ತನ್ನ ಕೊನೆಯ ಮಾತು ಹೇಳಿಯಾಗಿತ್ತು, ಮಂಚದ ತುದಿಯಲ್ಲಿ ಕೂತ ಗಂಡ ಅದನ್ನು ಕೇಳಿಸಿಕೊಂಡೂ ಆಗಿತ್ತು. ಇನ್ನು ನಿರ್ದೇಶಕ ಹಾರ್ಲನ್ ಮೀಕ್ ‘ಕಟ್’ ಅನ್ನಬೇಕು. ಅವನು ಅನ್ನಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು.

ಆ ಮಾತನ್ನು ನಿರ್ದೇಶಕನಲ್ಲದೆ ಇನ್ನೊಬ್ಬರು ಆಡುವಂತಿಲ್ಲ. ಹಾಗಾಗಿ ನಟಿ ಬ್ರಿನ್ ಪಿಸ್ತೂಲು ಇಳಿಸಲಿಲ್ಲ. ಮುದುಕ ನಿರ್ದೇಶಕ ದೃಶ್ಯದಲ್ಲಿ ಇನ್ನೇನನ್ನೋ ಹುಡುಕುತ್ತಿದ್ದಾನೆ ಅಂದುಕೊಂಡು, ಬರೆದುಕೊಟ್ಟ ಮಾತು ಮುಗಿದ ಮೇಲೂ ಗಂಡನನ್ನೇ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರಾಡಿತು. ಬಾರ್ಸ್ಟೋ ಊರಿನ ಹೊರವಲಯದ ಆ ಹಳೆಯ ಮೋಟೆಲಿನ ಕಿಟಕಿಗಳಿಗೆ ಕರಿ ಬಟ್ಟೆ ಹೊಡೆದು ಮರುಭೂಮಿಯ ಹಗಲನ್ನು ರಾತ್ರಿ ಮಾಡಿದ್ದರು. ಒಳಗಿನ ಸೆಕೆಯಲ್ಲಿ ಇಡೀ ತಂಡ ಉಸಿರು ಬಿಗಿಹಿಡಿದಿತ್ತು.

ಹಾರ್ಲನ್ ಏನನ್ನೂ ಹುಡುಕುತ್ತಿರಲಿಲ್ಲ. ಅವನ ತಲೆ ಖಾಲಿಯಾಗಿತ್ತು. ಇಷ್ಟು ಜನ ತನ್ನ ಬಾಯಿಯನ್ನೇ ಕಾಯುತ್ತಿದ್ದಾರೆ, ತಾನು ಏನೋ ಮಾಡಬೇಕು ಎಂಬುದಷ್ಟೇ ಗೊತ್ತು. ಏನು ಎಂಬುದು ಒರೆಸಿದ ಹಾಗೆ ಹೋಗಿಬಿಟ್ಟಿತ್ತು. ಆ ಹೆಣ್ಣು ಯಾರು, ಯಾಕೆ ಪಿಸ್ತೂಲು ಹಿಡಿದಿದ್ದಾಳೆ, ಅದೂ ಸರಿಯಾಗಿ ತಿಳಿಯಲಿಲ್ಲ. ಹೆದ್ದಾರಿ, ಮೋಟೆಲು, ಗಂಡನನ್ನು ಮುಗಿಸುವ ಹೆಂಡತಿ, ಆಸೆಗೆ ಬಿದ್ದು ಕೆಡುವ ಬಡಪಾಯಿ, ಇಷ್ಟೇ ಸರಕು ಇಟ್ಟುಕೊಂಡು ಜೀವಮಾನವೆಲ್ಲ ನೋಡುವವರ ಎದೆ ಡವಗುಟ್ಟಿಸಿದವನು ಅವನು. ಈಗ ಅವನದೇ ಎದೆ ಡವಗುಟ್ಟತೊಡಗಿತು.

ಬೆನ್ನ ಹಿಂದೆ ಚಿತ್ರಕ್ಕೆ ವಿಮೆ ಕೊಟ್ಟ ಕಂಪನಿಯವನು ನಿಂತಿದ್ದ. ಚಿತ್ರ ಹೇಗೆ ನಡೆದಿದೆ ನೋಡಿ ಹೋಗಲು ಬಂದಿದ್ದ, ಅಂದರೆ ಹಾರ್ಲನ್ ಹೇಗೆ ನಡೆದಿದ್ದಾನೆ ಎಂದು ನೋಡಲು. ಎಡಕ್ಕೆ ಡೋರೀನ್ ಸೋಲಿಸ್ ಕೂತಿದ್ದಳು. ವಯಸ್ಸಾದ ನಿರ್ದೇಶಕನಿಗೆ ವಿಮೆಯವರು ಸುಮ್ಮನೆ ಒಪ್ಪುವುದಿಲ್ಲ. ಅವನು ನಡುವೆ ಕೈಕೊಟ್ಟರೆ ಚಿತ್ರ ಮುಗಿಸಿಕೊಡಲು ಇನ್ನೊಬ್ಬ ನಿರ್ದೇಶಕರು ದಿನವೂ ಪಕ್ಕದಲ್ಲೇ ಇರಬೇಕು. ಒಂದು ಕಾಲಕ್ಕೆ ಒಳ್ಳೆಯ ಚಿತ್ರ ಮಾಡಿ, ಆಮೇಲೆ ಯಾರೂ ಫೋನು ಮಾಡದೆ ಮೂಲೆಗುಂಪಾಗಿ, ಈಗ ಈ ಕೆಲಸಕ್ಕೆ ಬಂದವಳು ಡೋರೀನ್. ಮೊದಲ ದಿನವೇ ಹಾರ್ಲನ್ ಎಲ್ಲರೆದುರು, “ನಮ್ ರಣಹದ್ದು ಬಂತು, ಅದಕ್ಕೊಂದು ಕಾಫಿ ಕೊಡ್ರಪ್ಪ” ಅಂದಿದ್ದ. ಅವನ ಕುರ್ಚಿಯ ಬೆನ್ನಿಗೆ ಅವನ ಹೆಸರಿತ್ತು. ಅವಳ ಕುರ್ಚಿಯ ಬೆನ್ನು ಬೋಳು.

ಈಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಉಳಿದವರಿಗೆ ಕಾಣದ್ದು ಅವಳಿಗೆ ಕಂಡಿತ್ತು. ಅವಳು ಎದ್ದು ನಿಂತಳು, ಬಾಯಿ ತೆರೆದಳು. ಅವಳು ಆ ಒಂದು ಮಾತು ಆಡಿದರೆ ಚಿತ್ರ ಅವಳದು. ಹಾರ್ಲನ್‌ಗೆ ಇನ್ನು ಯಾರೂ ಇನ್ನೊಂದು ಚಿತ್ರ ಕೊಡುವುದಿಲ್ಲ. ಇದೊಂದು ಮಾತ್ರ ಅವನಿಗೆ ಆ ಖಾಲಿಯೊಳಗೂ ಸ್ಪಷ್ಟವಾಗಿ ಹೊಳೆಯಿತು. ಬೇಡ ಅನ್ನಲೂ ನಾಲಿಗೆ ಏಳಲಿಲ್ಲ.

ಡೋರೀನ್‌ಳ ಕುರ್ಚಿ ಧಡಾರನೆ ನೆಲಕ್ಕೆ ಬಿತ್ತು.

“ಕಟ್!” ಹಾರ್ಲನ್‌ನ ಗಂಟಲು, ಶೂಟಿಂಗಿನ ನಡುವೆ ಸದ್ದಾದರೆ ಕೂಗುವ ಹಳೆಯ ಅಭ್ಯಾಸದಂತೆ, ತಾನಾಗಿಯೇ ಕೂಗಿತು. ಅದರ ಹಿಂದೆಯೇ ಉಳಿದದ್ದೆಲ್ಲ ದಬದಬ ಬಂದು ಸೇರಿತು: ಬ್ರಿನ್, ಮೋಟೆಲು, ಸಿಟ್ಟು. ಕೂರಲು ಬಾರದವರು ಶೂಟಿಂಗಿಗೆ ಯಾಕೆ ಬರಬೇಕು ಎಂದು ಡೋರೀನ್‌ಳನ್ನು ನಿಲ್ಲಿಸಿ ಬೈದ. ಅವಳು ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಸಿಂಹಕ್ಕೆ ವಯಸ್ಸಾದರೂ ಗರ್ಜನೆ ಹೋಗಿಲ್ಲವಲ್ಲ ಎಂದು ವಿಮೆಯವನು ನಕ್ಕು, ಸಮಾಧಾನದಿಂದ ಲಾಸ್ ಏಂಜಲೀಸಿಗೆ ಕಾರು ತಿರುಗಿಸಿದ.

ಊಟದ ಬಿಡುವಿನಲ್ಲಿ ಹಾರ್ಲನ್ ತನ್ನ ಟ್ರೇಲರು ಗಾಡಿಯಲ್ಲಿ ಒಬ್ಬನೇ ಕೂತ. ತಿನ್ನಲು ತಂದಿಟ್ಟ ಬುರಿಟೋ ತಟ್ಟೆಯಲ್ಲೇ ಆರಿತು. ಅವನ ಚಿತ್ರಗಳಲ್ಲಿ ಗುಟ್ಟು ಕಂಡೂ ಬಾಯಿ ಮುಚ್ಚಿಕೊಂಡವರು ಹಾಗೇ ಸುಮ್ಮನಿರುವುದಿಲ್ಲ. ಮುಂದಿನ ದೃಶ್ಯದಲ್ಲಿ ಅದರ ಬೆಲೆ ಕೇಳಲು ಬಾಗಿಲು ತಟ್ಟುತ್ತಾರೆ. ಬಾಗಿಲು ತಟ್ಟಿದ ಸದ್ದಾಯಿತು.

“ಏನ್ ಬೇಕು ನಿಂಗೆ?” ಡೋರೀನ್ ಒಳಗೆ ಬರುತ್ತಿದ್ದಂತೆ ಕೇಳಿದ.

“ಏನಿಲ್ಲ. ಊಟ ಮಾಡಿದ್ರಾ ಅಂತ ನೋಡೋಕ್ ಬಂದೆ.”

“ಬೇಕಂತ್ಲೇ ಕ್ಯಾಮೆರಾ ಓಡೋಕ್ ಬಿಟ್ಟಿದ್ದೆ ಕಣೇ ನಾನು. ಆ ಹುಡುಗಿ ಏನ್ ಮಾಡ್ತಾಳೆ ನೋಡೋಣ ಅಂತ.”

“ಹೌದು, ಎಲ್ರೂ ಹಾಗೇ ಅಂದ್ಕೊಂಡಿದಾರೆ.” ಅವಳು ಎದುರಿಗೆ ಕೂತಳು. “ನಾನು ಸುಳ್ಳು ಹೇಳಲ್ಲ, ಹಾರ್ಲನ್. ಇವತ್ತಾದ್ರೂ ಈ ಮುದುಕ ಬೀಳ್ಲಪ್ಪ ಅಂತ ದಿನಾ ಬೆಳಿಗ್ಗೆ ಅಂದ್ಕೊಂಡೇ ಬರ್ತಿದ್ದೆ. ಆ ಮಾತು ಬಾಯಿಗೂ ಬಂದಿತ್ತು. ಆದ್ರೆ ನಿಮ್ ಮುಖದಲ್ಲಿ ಆ ಭಯ ನೋಡಿದ್ನಲ್ಲ, ಆಗ್ಲಿಲ್ಲ ನನ್ ಕೈಲಿ.”

ಹಾರ್ಲನ್‌ಗೆ ನಾಚಿಕೆಯೂ ಆಯಿತು, ಬದುಕಿಕೊಂಡೆ ಎಂಬ ಹಗುರವೂ ಆಯಿತು. ಅದನ್ನು ಮುಚ್ಚಿಕೊಳ್ಳಲು, ಇಂಥ ಮೆತ್ತನೆ ರಣಹದ್ದನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅಣಕಿಸಿದ. ಅವಳೂ ನಕ್ಕಳು. ತಟ್ಟೆಯನ್ನು ಅವನ ಹತ್ತಿರ ಸರಿಸಿ, ಎದ್ದು ಬಾಗಿಲ ತನಕ ಹೋದವಳು ಚಿಲಕದ ಮೇಲೆ ಕೈಯಿಟ್ಟು ತಿರುಗಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ಇವತ್ತು ಕುರ್ಚಿ ಆಯ್ತು,” ಅಂದಳು. “ನಾಳೆ ಏನ್ ಬೀಳಿಸ್ಲಿ?”