ಒಂಟಿ ರೆಕ್ಕೆಯ ಹಕ್ಕಿ

ಇವತ್ತು ಕಾವಲುಗಾರ ಚೀಲ ತೆಗೆಸಿ ನೋಡಿಬಿಟ್ಟರೆ? ಬಸ್ಸಿಳಿದಾಗಿನಿಂದ ಈ ಅಳುಕು ಅವಳ ಬೆನ್ನುಹತ್ತಿತ್ತು. ಈ ಊರಲ್ಲೇ ಬೆಳೆದು ಪದವಿ ಮುಗಿಸಿದ್ದರೂ ಬಸ್ಸಿನಲ್ಲಿ ‘ಸ್ವಲ್ಪ ದಾರಿ ಬಿಡಿ’ ಎನ್ನಲು ನಾಚುವ ಹುಡುಗಿ. ಈಗ ಕಳ್ಳಿಯ ಹಾಗೆ ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತುತ್ತಿದ್ದಳು.

“ಇವತ್ತೂ ಬಂದ್ಯಾ ತಾಯಿ? ಆ ಬಟ್ಟೆ ಏನು, ನಿನ್ನ ಹತ್ರ ಮಾತಾಡುತ್ತಾ?” ಕಾವಲುಗಾರ ನಕ್ಕ. ಚೀಲದ ಕಡೆ ನೋಡಲಿಲ್ಲ.

“ಒಂದೊಂದ್ಸಲ,” ಎಂದಳು.

ಹಿಂದಿನ ಕೋಣೆಯಲ್ಲಿ ಹಗ್ಗದ ಆಚೆ, ಗಾಜಿನ ಮರೆಯಿಲ್ಲದೆ, ಆ ಬಿಳಿ ಬಟ್ಟೆ ತೂಗುತ್ತಿತ್ತು. ಮೈತುಂಬ ಕೆಂಪು ಹಕ್ಕಿಗಳ ಕಸೂತಿ. ಕೊನೆಯ ಹಕ್ಕಿಗೆ ಒಂದೇ ರೆಕ್ಕೆ. ಅಧಿಕಾರಿಯೊಬ್ಬರು ಗುಂಪಿಗೆ ವಿವರಿಸುತ್ತಿದ್ದರು.

“ಕಡಲಾಚೆಯವರದ್ದು. ಯುದ್ಧದಲ್ಲಿ ಊರು ಖಾಲಿಯಾದ ಮೇಲೆ ಒಂದು ಮನೇಲಿ ಸಿಕ್ಕಿತಂತೆ.” ಆ ಜನರ ಹೆಸರನ್ನು ಅವರು ಹೇಗೋ ತಿರುಚಿ ಉಚ್ಚರಿಸಿದರು. ಅವಳ ತುಟಿ ಅಲುಗಿತು. “ಕೊನೇ ಹಕ್ಕಿ ನೋಡಿ. ಬೇಕಂತಲೇ ಅರ್ಧಕ್ಕೆ ಬಿಟ್ಟಿದ್ದಾರೆ. ಪೂರ್ಣತೆ ಮನುಷ್ಯನದ್ದಲ್ಲ ಅನ್ನೋ ವಿನಯ!”

“ನನ್ನ ಸೊಸೆ ಸ್ವೆಟರ್ ಅರ್ಧಕ್ಕೇ ಬಿಡ್ತಾಳೆ. ಅದೂ ವಿನಯಾನೇ ಇರ್ಬೇಕು,” ಎಂದರು ಹೆಂಗಸೊಬ್ಬರು. ಎಲ್ಲರೂ ನಕ್ಕರು. ಅವಳೂ ನಕ್ಕಂತೆ ಮಾಡಿದಳು.

ಗುಂಪು ಪಕ್ಕದ ಕೋಣೆಗೆ ಸರಿಯಿತು. ಅವಳು ಹಗ್ಗದಡಿ ನುಸುಳಿದಳು. ಬೆರಳು ಹುಡುಕಾಡಲಿಲ್ಲ, ನೇರ ಕೊನೆಯ ಹಕ್ಕಿಯ ಮೇಲೆ ಹೋಗಿ ನಿಂತಿತು.

“ಏಯ್!”

ಕಾವಲುಗಾರ ಕೈ ಹಿಡಿದೆಳೆದ. ಚೀಲ ನೆಲಕ್ಕೆ ಬಿತ್ತು. ಒಂದು ಸೂಜಿ, ಒಂದು ದಾರದುಂಡೆ. ಓಡಿಬಂದ ಅಧಿಕಾರಿ ದಾರವನ್ನೆತ್ತಿ ಬಟ್ಟೆಯ ಪಕ್ಕ ಹಿಡಿದರು. ಅದೇ ಕೆಂಪು.

“ಕಿತ್ಕೊಂಡಿದ್ದೀಯಾ? ನಂಬಿದ್ನಲ್ಲಮ್ಮ ನಿನ್ನ!” ಕಾವಲುಗಾರನ ದನಿ ಒಡೆದಿತ್ತು.

“ಕಿತ್ತಿದ್ದಲ್ಲ,” ಎಂದರು ಅಧಿಕಾರಿ. ಉಂಡೆ ಹಳೆಯದು, ಸುತ್ತಿದ್ದ ಕಾಗದ ಹಳದಿಗಟ್ಟಿತ್ತು, ಒಂದೆಳೆಯೂ ಬಿಚ್ಚಿರಲಿಲ್ಲ. “ಹೊಲಿಯೋಕೆ ಬಂದಿದ್ದಾಳೆ. ನೋಡಮ್ಮ, ಬೇರೆಯವರ ಕಲೆ ಅರ್ಥವಾಗದಿದ್ರೆ ಕೈಕಟ್ಟಿ ನಿಂತ್ಕೋಬೇಕು. ಅವರ ಹಕ್ಕಿಗೆ ರೆಕ್ಕೆ ಹಚ್ಚೋಕೆ ನೀನ್ಯಾರು?”

ಅವಳು ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.

“ಅಮ್ಮ ಅದನ್ನ ಬೇಕಂತ ಬಿಟ್ಟಿದ್ದಲ್ಲ, ಸರ್. ದಾರ ಮುಗೀತು ಅಂತ ಚಿಕ್ಕವಳಿದ್ದ ನನ್ನನ್ನ ಅಂಗಡಿಗೆ ಕಳಿಸಿದ್ಲು; ತಗೊಂಡು ಬರೋಷ್ಟರಲ್ಲಿ ಮನೇಲಿ ಯಾರೂ ಉಳಿದಿರಲಿಲ್ಲ.”